ಎತ್ತರದ ಬುರುಜಿನವರೆಗೆ

ಟೀಚರ್ ಅವರ ಬಲಗೈ ಬೆರಳುಗಳ ತುದಿ ಯಾವಾಗಲೂ ತರಚಿದಂತೆ ಇರುತ್ತಿತ್ತು. ರೊಟ್ಟಿ ಬಡಿದು ಬಡಿದು ಹಾಗಾಗಿದೆ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಅವರು ರಸ್ತೆಯಲ್ಲಿ ನಡೆಯುವಾಗ ಪಕ್ಕದ ಗೋಡೆಗೆ ಬೆರಳು ಹಚ್ಚಿಕೊಂಡೇ ನಡೆಯುತ್ತಿದ್ದರು. ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕೆ ಎರಡು ಗಂಟೆ ದೂರದ ನಮ್ಮ ಮೀರಾ ಮೆಸಾದಲ್ಲಿ ಮನೆಗಳ ಸಾಲಿನ ಹಿಂದೆ ಉದ್ದಕ್ಕೂ ಒಂದು ಗೋಡೆ, ಅದರಾಚೆ ದೊಡ್ಡ ರಸ್ತೆ. ಆ ಗೋಡೆಗುಂಟ ನಾಯಿ ಹಿಡಿದವರನ್ನು ಬಿಟ್ಟರೆ ಯಾರೂ ಕಾಲ್ನಡಿಗೆಯಲ್ಲಿ ಹೋಗುವುದಿಲ್ಲ. ಟೀಚರ್ ಹೋಗುತ್ತಿದ್ದರು. ಇಳಕಲ್ ಸೀರೆ, ಮೇಲೆ ಗಂಡಸರ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್. ಪರಿಚಯದವರು ಕಾರು ನಿಲ್ಲಿಸಿ, ಆಂಟಿ, ಡ್ರಾಪ್ ಮಾಡ್ಲಾ ಎಂದು ಅನುಕಂಪದ ಮುಖ ಮಾಡಿಕೊಂಡು ಕೇಳುತ್ತಿದ್ದರು. ನಾ ನಡೀಲಿಕ್ಕಂತನ ಹೊರಗ ಬಂದೀನಿ, ನೀವು ನಡೀರಿ ಎಂದು ಅವರನ್ನೇ ಕಳಿಸಿಬಿಡುತ್ತಿದ್ದರು.

ಅವರು ವಿಜಯಪುರದವರು. ಕೋಟೆಯ ಗೋಡೆಗೆ ಅಂಟಿಕೊಂಡಂತಿದ್ದ ಓಣಿಯಲ್ಲಿ ಹುಟ್ಟಿ, ಅಲ್ಲೇ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ಮದುವೆಯಾದ ಮೇಲೆ ಲಾಂಗ್ ಬೀಚಿಗೆ ಬಂದವರು. ಅವರ ಯಜಮಾನರು ಬಂದರಿನ ಕೆಲಸದಲ್ಲಿದ್ದ ಸಿವಿಲ್ ಎಂಜಿನಿಯರ್. ಮಕ್ಕಳಿರಲಿಲ್ಲ. ಕೋವಿಡ್ಡಿನ ಆ ಕೆಟ್ಟ ಚಳಿಗಾಲದಲ್ಲಿ ಲಾಸ್ ಏಂಜಲೀಸಿನ ಸುತ್ತಮುತ್ತ ಆಸ್ಪತ್ರೆಗಳಲ್ಲಿ ಜಾಗವಿಲ್ಲದೆ ಜನ ಒದ್ದಾಡುತ್ತಿದ್ದಾಗ ಯಜಮಾನರು ಹೋಗಿಬಿಟ್ಟರು. ಒಬ್ಬರೇ ಆ ಅಪಾರ್ಟ್‌ಮೆಂಟಿನಲ್ಲಿ ಇರಲಾರದೆ ಟೀಚರ್ ಮನೆ ಹುಡುಕುತ್ತಿದ್ದಾರೆಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂತು. ನಮ್ಮ ಹಿತ್ತಲಿನಲ್ಲಿ ಅತ್ತೆಗೆಂದು ಕಟ್ಟಿಸಿದ್ದ ಒಂದು ಕೋಣೆಯ ಮನೆ ಖಾಲಿ ಇತ್ತು. ನಾನು ಮೈಸೂರಿನವಳು, ಯಾರನ್ನೂ ಥಟ್ಟನೆ ಮನೆಗೆ ಸೇರಿಸಿಕೊಳ್ಳುವವಳಲ್ಲ. ಫೋನಿನಲ್ಲಿ ಅವರು ಮೊದಲು ಕೇಳಿದ್ದು ಬಾಡಿಗೆ ಎಷ್ಟೆಂದಲ್ಲ, ಹತ್ತಿರದಲ್ಲಿ ಉದ್ದನೆಯ ಗೋಡೆ ಇದೆಯೇ ಎಂದು. ಇದೆಂಥಾ ತಲೆಕೆಟ್ಟ ಹೆಂಗಸಪ್ಪಾ ಅಂದುಕೊಂಡೇ ಹ್ಞೂಂ ಅಂದೆ.

ಬಂದ ಕೆಲವೇ ದಿನಗಳಲ್ಲಿ ಮನೆಯ ಯಜಮಾನಿಕೆ ಅವರ ಕೈಗೆ ಹೋಯಿತು. ಇಂಡಿಯನ್ ಅಂಗಡಿಯಿಂದ ನಾನು ತಂದ ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇದು ಹಿಟ್ಟಲ್ಲ ತಂಗಿ, ಸುಣ್ಣ, ಎಂದರು. ಅದೇ ಸುಣ್ಣದಲ್ಲಿ ಹಪ್ಪಳದಂಥ ರೊಟ್ಟಿ ಬಡಿದು ನನ್ನ ಬಾಯಿ ಮುಚ್ಚಿಸಿದರು. ನನ್ನ ಸಾರಿಗೆ ಬೆಲ್ಲ ಹಾಕುವುದನ್ನು ಕಂಡು, ನಿಮ್ಮ ಮೈಸೂರವ್ರು ಸಿಟ್ಟಿಗೆ ಬಂದ್ರೂ ಸಿಹಿನೇ ಬಡಸ್ತೀರಿ, ಎಂದು ಛೇಡಿಸುತ್ತಿದ್ದರು. ನಾನು ಸಿಟ್ಟಿನವಳೆಂದು ಅವರಿಗೆ ಬೇಗ ಗೊತ್ತಾಗಿತ್ತು. ಕರ್ನಿ ಮೆಸಾದ ಆಫೀಸಿನಿಂದ ಸಂಜೆ ಉರಿಯುತ್ತಾ ಬಂದರೆ ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಮಾತಾಡದೆ ತಮ್ಮ ಕೋಣೆಗೆ ಹೋಗಿಬಿಡುವರು. ನನ್ನ ತಾಯಿಯೂ ನನ್ನನ್ನು ಅಷ್ಟು ಅರಿತಿರಲಿಲ್ಲ.

ಶನಿವಾರ ನಮ್ಮ ಗ್ಯಾರೇಜಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಶುರುಮಾಡಿದರು. ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿ, ಮಕ್ಕಳನ್ನು ದೂರದೂರ ಕೂರಿಸಿ, ಮಾಸ್ಕು ಹಾಕಿಕೊಂಡು ಪಾಠ. ನನ್ನ ಮಗಳೂ ಸೇರಿದಂತೆ ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಅ ಆ ಇ ಈ ಬರೆಸಿದರೆ ಆಕಳಿಸುತ್ತಿದ್ದವು. ಒಂದು ಶನಿವಾರ ಟೀಚರ್ ಪುಸ್ತಕ ಮುಚ್ಚಿ ನಮ್ಮ ಹಳೆಯ ಟೀವಿಗೆ ಕಂಪ್ಯೂಟರ್ ಜೋಡಿಸಲು ಹೇಳಿದರು. ಪರದೆಯ ಮೇಲೆ ಒಂದು ಊರು ತೆರೆದರು. ವೇಲ್ಸ್ ದೇಶದ ಕಾನ್ವಿ ಎಂಬ ಪುಟ್ಟ ಊರು, ಸುತ್ತಲೂ ಏಳುನೂರು ವರ್ಷ ಹಳೆಯ ಕಲ್ಲಿನ ಗೋಡೆ, ಮೂಲೆಯಲ್ಲಿ ಕೋಟೆ. ರಸ್ತೆಯ ಫೋಟೋಗಳೊಳಗೆ ಬಾಣದ ಗುರುತು ಒತ್ತುತ್ತಾ ನಡೆಯಬಹುದಲ್ಲ, ಹಾಗೆ ಅದರೊಳಗೆ ನಡೆಸುತ್ತಾ ಹೋದರು. ಆದರೆ ಷರತ್ತು ಒಂದು: ಎಡಕ್ಕೆ, ಬಲಕ್ಕೆ, ಮುಂದೆ, ಮೇಲೆ ಎಂದು ಮಕ್ಕಳು ಕನ್ನಡದಲ್ಲಿ ಹೇಳಿದರೆ ಮಾತ್ರ ಟೀಚರ್ ಹೆಜ್ಜೆ ಇಡುವುದು. ಇಂಗ್ಲಿಷಿನಲ್ಲಿ ಹೇಳಿದರೆ ಅಲ್ಲೇ ಕಲ್ಲಾಗಿ ನಿಲ್ಲುವುದು.

ಕನ್ನಡ ಸಂಘದವರು ಇದನ್ನು ಕೇಳಿ ಹುಬ್ಬೇರಿಸಿದರು. ತೋರಿಸುವುದಿದ್ದರೆ ಗೋಳಗುಮ್ಮಟ ತೋರಿಸಬಾರದೇ ಅಂದರು. ನಾನೂ ಅದನ್ನೇ ಕೇಳಿದೆ. ಗೋಳಗುಮ್ಮಟಕ್ಕ ಅವರ ಅಪ್ಪ ಅವ್ವ ಹೆಂಗೂ ಕರಕೊಂಡು ಹೋಗ್ತಾರ, ಅಂದು ಮಾತು ಮುಗಿಸಿದರು.

ಎಷ್ಟು ಚಂದ ತೋರಿಸುತ್ತಿದ್ದರು. ಊರ ಬಾಗಿಲಿಗೆಲ್ಲ ದರ್ವಾಜಾ ಎನ್ನುವರು, ಗೋಡೆಯ ಗೋಪುರಗಳಿಗೆ ಬುರುಜು. ಕೋಟೆಯ ಪಕ್ಕದಲ್ಲಿ ಹೊಳೆ ದಾಟುವ ಹಳೆಯ ತೂಗುಸೇತುವೆ, ಅದರ ಮಗ್ಗುಲಲ್ಲೇ ರೈಲು ಹೋಗುವ ಕಬ್ಬಿಣದ ಸೇತುವೆ. ಅಲ್ಲಿಂದ ಹೊಳೆಯ ದಂಡೆಗುಂಟ ಹೋದರೆ ಗೋಡೆಗೆ ಒತ್ತಿಕೊಂಡು ಒಂದು ಕೆಂಪು ಮನೆ. ಇಡೀ ಬ್ರಿಟನ್ನಿನಲ್ಲೇ ಅತಿ ಸಣ್ಣದಂತೆ. ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಒಬ್ಬ ಎತ್ತರದ ಮೀನುಗಾರ ಅದರೊಳಗೆ ಬಗ್ಗಿಕೊಂಡೇ ಸಂಸಾರ ಮಾಡಿದ್ದನೆಂದು ಹೇಳುತ್ತಾ ಟೀಚರ್ ತಾವೂ ಬಗ್ಗಿ ನಡೆದು ತೋರಿಸಿ ಮಕ್ಕಳನ್ನು ನಗಿಸುತ್ತಿದ್ದರು. ದಂಡೆ ಮುಗಿದಲ್ಲಿ ಗೋಡೆ ಗುಡ್ಡ ಹತ್ತುತ್ತದೆ. ಬುರುಜಿನಿಂದ ಬುರುಜಿಗೆ ಏರುತ್ತಾ ಊರಿನ ನೆತ್ತಿಯ ಮೇಲಿನ ಎತ್ತರದ ಬುರುಜಿಗೆ ಮುಟ್ಟುತ್ತದೆ. ಗೆದ್ದ ರಾಜ ಇದನ್ನು ಕಟ್ಟಿಸಿ ತನ್ನ ಕಡೆಯವರನ್ನು ಒಳಗೆ ಕೂರಿಸಿದ, ಆ ನೆಲದವರಿಗೇ ಒಳಗೆ ಜಾಗವಿರಲಿಲ್ಲ ಎಂದೂ ಹೇಳುವರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಬೇರೆಯಾಗುತ್ತಿತ್ತು.

ಎತ್ತರದ ಬುರುಜು ಬಂದದ್ದೇ ಕಂಪ್ಯೂಟರ್ ಮುಚ್ಚಿಬಿಡುತ್ತಿದ್ದರು. ಪ್ರತಿ ಶನಿವಾರವೂ ಅಷ್ಟೇ. ಮುಂದಿನ ವಾರ ಮತ್ತೆ ಕೋಟೆಯಿಂದಲೇ ಶುರು, ಮತ್ತೆ ಅದೇ ಬುರುಜಿಗೆ ಮುಕ್ತಾಯ. ಗೋಡೆ ಅಲ್ಲಿಗೆ ನಿಲ್ಲುವುದಿಲ್ಲವೆಂದು ಮಕ್ಕಳಿಗೂ ಕಾಣುತ್ತಿತ್ತು. ಒಂದು ದಿನ ನನ್ನ ಮಗಳು ತಡೆಯಲಾರದೆ, "ಟೀಚರ್, ಯಾಕೆ ಇಲ್ಲೇ ನಿಲ್ಲಿಸ್ತೀರಾ? ಆ ಕಡೆ ಏನಿದೆ?" ಎಂದು ಕೇಳಿಬಿಟ್ಟಳು. ಅವಳು ಹುಟ್ಟಿ ತಾನಾಗಿ ಆಡಿದ ಮೊದಲ ಪೂರ್ತಿ ಕನ್ನಡ ಮಾತು ಅದು. ಒಳಗೆ ಪಾತ್ರೆ ಒರೆಸುತ್ತಿದ್ದ ನಾನು ಬಟ್ಟೆ ಹಿಡಿದುಕೊಂಡೇ ಓಡಿ ಬಂದೆ. ಟೀಚರ್ ಅವಳ ತಲೆ ಸವರಿ, ಇವತ್ತಿಗೆ ಇಷ್ಟ ಸಾಕು ಪುಟ್ಟಿ, ಎಂದರು. ಕಣ್ಣು ತುಂಬಿತ್ತು. ಮಗಳ ಕನ್ನಡಕ್ಕೆ ಇರಬೇಕೆಂದುಕೊಂಡೆ.

ಅದರ ಕಾರಣ ಗೊತ್ತಾದದ್ದು ಲಾಂಗ್ ಬೀಚಿನಿಂದ ವಾಪಸು ಬರುವ ದಾರಿಯಲ್ಲಿ. ಯಜಮಾನರ ವರ್ಷಾಬ್ದಿಕಕ್ಕೆ ಅವರ ಬೂದಿ ಬಿಟ್ಟ ಸಮುದ್ರಕ್ಕೆ ಹೂವು ಹಾಕಬೇಕೆಂದಿದ್ದರು, ನಾನು ಡ್ರೈವ್ ಮಾಡಿಕೊಂಡು ಹೋಗಿದ್ದೆ. ಊರಿಗೆ ಹೋಗಿ ತಮ್ಮನ ಮನೆಯಲ್ಲಿರಬಾರದೇ ಎಂದು ಯಾರು ಕೇಳಿದರೂ, ಅವ್ರನ್ನ ಇಲ್ಲಿ ನೀರಾಗ ಬಿಟ್ಟೀನಿ, ನಾ ಎಲ್ಲಿ ಹೋಗ್ಲಿ ಎನ್ನುತ್ತಿದ್ದರು. ಅಂದು ವಾಪಸು ಬರುವಾಗ ಫ್ರೀವೇಯಲ್ಲಿ ಯಾವುದೋ ಅಪಘಾತವಾಗಿ ಕಾರುಗಳೆಲ್ಲ ನಿಂತುಬಿಟ್ಟಿದ್ದವು. ಬಲಕ್ಕೆ ಸಮುದ್ರ. ಟೀಚರ್ ಆ ಕಡೆಗೇ ಮುಖ ಮಾಡಿಕೊಂಡು ಹೇಳತೊಡಗಿದರು.

ಯಜಮಾನರಿಗೆ ಸೇತುವೆಯೆಂದರೆ ಪ್ರಾಣ. ರಿಟೈರಾದ ಮೇಲೆ ಕಾನ್ವಿಯ ಆ ಎರಡು ಸೇತುವೆಗಳನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅಲ್ಲೊಂದು ಇಡೀ ಕೋಟೆಗೋಡೆ ನಿಂತಿದೆ ಎಂದು ಗೊತ್ತಾದ ಮೇಲೆ ಟೀಚರಿಗೂ ಆಸೆ ಹುಟ್ಟಿತು. ಎರಡು ಸಾವಿರದ ಇಪ್ಪತ್ತರ ಬೇಸಿಗೆಗೆ ಟಿಕೆಟ್ ಬುಕ್ ಮಾಡಿದ್ದರು. ಕೋವಿಡ್ ಬಂದು ಅದು ಕ್ಯಾನ್ಸಲ್ ಆಯಿತು. ಮುಂದೆ ಯಜಮಾನರು ಆಸ್ಪತ್ರೆ ಸೇರಿದಾಗ ಟೀಚರನ್ನು ಯಾರೂ ಒಳಗೆ ಬಿಡಲಿಲ್ಲ. ಫೋನೊಂದೇ ದಾರಿ. ಜ್ವರದ ಮಾತು, ಆಕ್ಸಿಜನ್ನಿನ ಮಾತು ಬೇಡವೇ ಬೇಡ ಎಂದು ಯಜಮಾನರು, ಬಾ, ಕಾನ್ವಿಗೆ ಹೋಗೂಣು, ಅಂದರಂತೆ. ಊರಿನ ನಕ್ಷೆ ಅವರಿಗೆ ಬಾಯಿಪಾಠ. ಟೀಚರ್ ಮನೆಯಲ್ಲಿ ಕಂಪ್ಯೂಟರ್ ತೆರೆದು ಕೂರುವರು, ಅವರು ಹಾಸಿಗೆಯಿಂದ ದಾರಿ ಹೇಳುವರು. ದಿನಕ್ಕೆ ಸ್ವಲ್ಪ ಸ್ವಲ್ಪ.

ಕೋಟೆಯಿಂದ ಗುಡ್ಡದ ಕಡೆಗೆ ಹೊರಟು ದಂಡೆಗೆ ಇಳಿಯೋಣ ಎಂಬುದು ಯಜಮಾನರ ಯೋಜನೆ. ಟೀಚರ್ ಮಾತ್ರ ಹಟ ಮಾಡಿ, ಮೊದಲು ಆ ಸಣ್ಣ ಮನೆ ತೋರಿಸಿ ಎಂದರು. ಹಾಗಾಗಿ ದಂಡೆಯ ಕಡೆಗೆ ತಿರುಗಿದರು. ಮನೆ ನೋಡಿದರು. ಗೋಡೆಗುಂಟ ಗುಡ್ಡ ಹತ್ತುವಾಗ ಯಜಮಾನರಿಗೆ ಏದುಸಿರು. ನರ್ಸು ಫೋನ್ ಇಡಿ ಎಂದರೂ ಕೇಳದೆ ಎತ್ತರದ ಬುರುಜಿನವರೆಗೆ ಹತ್ತಿಸಿದರು.

"ಅಲ್ಲಿ ನಿಂತು ಊರೆಲ್ಲಾ ನೋಡು ಅಂದ್ರು. ಇಲ್ಲಿಂದ ಮುಂದ ಬರೇ ಇಳಿಜಾರ ಐತಿ, ನಾಳೆ ಹೋಗೂಣು ಅಂದ್ರು."

ಅಂದು ಸಂಜೆಯೇ ಅವರ ಗಂಟಲಿಗೆ ಕೊಳವೆ ಹಾಕಿದರು. ಮತ್ತೆ ಮಾತಿಲ್ಲ.

ಸಮಾಧಾನಕ್ಕೆ ಏನೋ ಹೇಳಲು ಹೊರಟೆ. ಟೀಚರ್ ತಡೆದರು. ಹೇಳಬೇಕಾದದ್ದು ಇನ್ನೂ ಇತ್ತು.

"ನಾ ಎಡಗಡೆ ತಿರುಗಿಸಿದೆ ತಂಗಿ. ಊರು ಬಲಕ್ಕಿರಬೇಕು ಸುತ್ತುವಾಗ. ನಮ್ಮ ಅಜ್ಜಿ ಕೈ ಹಿಡಿದು ಕಲಿಸಿದ್ದು. ನಾ ಊರನ್ನ ಎಡಕ್ಕಿಟ್ಟು ಅವ್ರನ್ನ ನಡಿಸಿದೆ. ಹಂಗ ಸುತ್ತೂದು ಯಾವಾಗಂತ ನಿನಗ ಗೊತ್ತೈತಲ್ಲ."

ಗೊತ್ತಿತ್ತು. ದೇವರನ್ನು, ಗುಡಿಯನ್ನು, ಹಿರಿಯರನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಪ್ರದಕ್ಷಿಣೆ. ಎಡಕ್ಕಿಟ್ಟುಕೊಂಡು ಸುತ್ತುವುದು ಹೆಣವನ್ನು. ವಿಜಯಪುರದಲ್ಲಿ ಅವರ ಅಜ್ಜಿ ಊರ ಗೋಡೆಯನ್ನೂ ಹಾಗೆಯೇ, ಬಲಗೈ ಹಚ್ಚಿ, ಸುತ್ತಿಸುತ್ತಿದ್ದರಂತೆ. ಊರೂ ಒಂದು ದೇವರೇ ಎಂಬುದು ಅವರ ಮನೆಯ ನಂಬಿಕೆ. ಗಂಡನನ್ನು ತಾನೇ ಅಪ್ರದಕ್ಷಿಣೆಗೆ ಹಚ್ಚಿ ಕೊಂದೆನೆಂದು ಈ ಹೆಂಗಸು ವರ್ಷವಿಡೀ ಎದೆಯಲ್ಲಿಟ್ಟುಕೊಂಡು ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು.

ನನಗೆ ದುಃಖಕ್ಕಿಂತ ಮೊದಲು ಬರುವುದು ಸಿಟ್ಟು. ಇತಿಹಾಸ ಕಲಿಸಿದವರು ಹೀಗೆ ಮಾತಾಡಬಹುದೇ, ಕಂಪ್ಯೂಟರಿನಲ್ಲಿ ಸುತ್ತಿದ್ದಕ್ಕೆ ವೈರಸ್ಸು ಬರುತ್ತದೆಯೇ ಎಂದೆಲ್ಲ ರೇಗಿದೆ. ಮನೆಗೆ ಬಂದ ಮೇಲೂ ಬಿಡಲಿಲ್ಲ. ಗುಡಿಯ ಅರ್ಚಕರಿಗೆ ಫೋನ್ ಮಾಡಿ ಕೇಳಿದೆ. ಊರಿಗೆಲ್ಲ ಆ ನಿಯಮವಿಲ್ಲಮ್ಮ ಎಂದು ಅವರು ಹೇಳಿದ್ದನ್ನು ಸ್ಪೀಕರಿನಲ್ಲಿ ಕೇಳಿಸಿದೆ. ಟೀಚರ್ ಕೈ ಮುಗಿದು ಕೇಳಿದರು. ಪಾಪ, ಛೊಲೋ ಮನಷ್ಯಾ, ಎಂದು ಎದ್ದು ಹೋದರು. ಕಲ್ಲಿಗೆ ನೀರು ಹೊಯ್ದ ಹಾಗಾಯಿತು.

ತರ್ಕಕ್ಕೆ ಬಗ್ಗದಿದ್ದರೆ ಶಾಸ್ತ್ರದಿಂದಲೇ ಬಗ್ಗಿಸೋಣವೆಂದು ನನಗೊಂದು ಉಪಾಯ ಹೊಳೆಯಿತು. ಆಫೀಸಿನಲ್ಲಿ ಕೆಲಸ ಬಿಟ್ಟು ನಕ್ಷೆ ನೋಡುತ್ತಾ ಕೂತೆ. ಸಂಜೆ ಬಂದವಳೇ ಅವರ ಕೋಣೆಗೆ ಹೋಗಿ ಹೇಳಿದೆ. ಟೀಚರ್, ನೀವು ಸುತ್ತನ್ನು ಮುಗಿಸಿಲ್ಲ, ಬುರುಜಿನ ಮೇಲೆ ನಿಂತಿದ್ದೀರಿ ಅಷ್ಟೆ. ಅಲ್ಲಿಂದ ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ದಂಡೆಗೆ ಇಳಿದು ಕೋಟೆಗೆ ಬಂದರೆ ಊರು ಬಲಕ್ಕೇ ಬರುತ್ತದೆ. ತಪ್ಪು ಸುತ್ತು ಬಿಚ್ಚಿಹೋಗುತ್ತದೆ. ಈಗಲೇ ಕಂಪ್ಯೂಟರ್ ತೆಗೆಯಿರಿ, ನಾನೂ ಬರುತ್ತೇನೆ.

ಅವರು ಗೋಡೆಯ ಮೇಲೆ ಬೆರಳಿನಿಂದ ಆ ದಾರಿಯನ್ನು ಎಳೆದು ನೋಡಿದರು. ಗೆದ್ದೆ ಎಂದೇ ಅಂದುಕೊಂಡೆ.

"ನೀ ಹೇಳೂದು ಖರೇ ಐತಿ. ಆದ್ರ ನಾ ಹೊಳ್ಳಿ ಬಂದ್ರ ಅವ್ರು ಆ ಬುರುಜಿನ ಮ್ಯಾಲ ಒಬ್ರ ಉಳೀತಾರ. ಒಮ್ಮೆ ಆಸ್ಪತ್ರೆದಾಗ ಒಬ್ರನ್ನ ಬಿಟ್ಟೀನಿ. ಮತ್ತ ಬಿಡಂಗಿಲ್ಲ."

ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಆ ವಿಷಯ ಎತ್ತಲಿಲ್ಲ. ಮುಂದಕ್ಕೆ ಹೋಗಲು ಕೈ ಹಿಡಿದವರಿಲ್ಲ, ಹಿಂದಕ್ಕೆ ಬರಲು ಮನಸ್ಸಿಲ್ಲ. ಟೀಚರ್ ಶನಿವಾರ ಶನಿವಾರ ಮಕ್ಕಳ ಜೊತೆ ಆ ಗುಡ್ಡ ಹತ್ತುತ್ತಲೇ ಇದ್ದರು.

ವಿಮಾನಗಳು ಮೊದಲಿನಂತೆ ಓಡಾಡತೊಡಗಿದಾಗ, ನಿಜವಾಗಿಯೇ ಹೋಗಿ ಬರೋಣ ಎಂದು ನಾನು ಹಟ ಹಿಡಿದೆ. ಕಲ್ಲಿನ ಗೋಡೆ ಬೇರೆ, ಪರದೆ ಬೇರೆ ಎಂದೆ. ಎರಡು ವರ್ಷ ಬೇಡ ಬೇಡ ಎನ್ನುತ್ತಲೇ ಇದ್ದು ಕಡೆಗೆ ಒಪ್ಪಿದರು. ವೀಸಾಕ್ಕೆ ಅಪ್ಲೈ ಮಾಡಿ, ದಪ್ಪ ಉಣ್ಣೆಯ ಕೋಟು ತಂದು, ಮಗಳಿಗೂ ರಜೆ ಹೊಂದಿಸಿದ್ದಾಯಿತು. ಅಷ್ಟರಲ್ಲಿ ಟೀಚರಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾಯಿತು. ಮೇದೋಜೀರಕದ ಕ್ಯಾನ್ಸರ್. ಬಹಳ ಮುಂದೆ ಹೋಗಿದೆ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವುದಿಲ್ಲ ಎಂದು ಟೀಚರ್ ಖಡಾಖಂಡಿತವಾಗಿ ಹೇಳಿಬಿಟ್ಟರು. ನಮ್ಮ ಹಿತ್ತಲ ಮನೆಗೇ ಮಂಚ ಬಂತು, ನರ್ಸು ಬಂದು ನೋವಿನ ಔಷಧಿ ಕೊಟ್ಟು ಹೋಗುತ್ತಿದ್ದಳು. ನಾನು ರಜೆ ಹಾಕಿ ಕೂತೆ. ಕೋವಿಡ್ಡಿನ ಮೊದಲ ವರ್ಷ ನನ್ನ ತಾಯಿ ಮೈಸೂರಿನಲ್ಲಿ ತೀರಿಕೊಂಡಾಗ ವಿಮಾನವಿಲ್ಲದೆ ಹೋಗಲಾಗಿರಲಿಲ್ಲ. ಅವಳಿಗೆ ಮಾಡಲಾಗದ್ದನ್ನು ಇವರಿಗೆ ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು, ಟೀಚರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲು ಅವರ ಹೊದಿಕೆಯ ಮೇಲೆ ಬಿದ್ದಿತ್ತು. ಮಗಳು ಸ್ಕೂಲಿಗೆ ಹೋಗಿದ್ದಳು. ಟೀಚರ್ ಕಣ್ಣು ಮುಚ್ಚಿಕೊಂಡೇ, ತಂಗಿ, ನನ್ನ ಮುಂದ ಕರಕೊಂಡು ಹೋಗು, ಎಂದರು. ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ. ಕಂಪ್ಯೂಟರ್ ತರಲು ಎದ್ದೆ. ಬ್ಯಾಡ, ಬಾಯಿಲೇ ಹೇಳು, ಅಂದರು. ಯಾವ ಕಡೆಗೆ ಎಂದು ಕೇಳಿದೆ.

"ಅವ್ರು ಹೇಳಿದ ಕಡೆ. ಇಳಿಜಾರಿಗೆ. ತಪ್ಪಾದ್ರೂ ಇರ್ಲಿ."

ಅವರ ಕೈ ಹಿಡಿದುಕೊಂಡು ಶುರುಮಾಡಿದೆ. ನೋಡಿಟ್ಟುಕೊಂಡದ್ದೆಲ್ಲ ನೆನಪಿತ್ತು. ಎತ್ತರದ ಬುರುಜಿನಿಂದ ಇಳಿದರೆ ಮೇಲಿನ ದರ್ವಾಜಾ, ಅದರ ಅಕ್ಕಪಕ್ಕ ಎರಡು ಗುಂಡನೆಯ ಬುರುಜು. ಅಲ್ಲಿಂದ ಇಳಿಯುತ್ತಾ ಹೋದರೆ ಗೋಡೆಯ ಹೊರಮೈಯಲ್ಲಿ ಸಾಲಾಗಿ ಚಾಚಿಕೊಂಡಿರುವ ಕಲ್ಲಿನ ಗೂಡುಗಳು, ರಾಜನ ಕಡೆಯ ಗುಮಾಸ್ತರ ಸಂಡಾಸುಗಳು ಎಂದೆ. ಟೀಚರ್ ತುಟಿ ನಗುವಿಗೆ ತಿರುಗಿತು. ಇದನ್ನ ಮಕ್ಕಳಿಗೆ ತೋರಸಬೇಕಿತ್ತು ನೋಡು, ಎಂದರು. ಗಿರಣಿಯ ದರ್ವಾಜಾ ದಾಟಿಸಿದೆ, ಪಕ್ಕದಲ್ಲಿ ಹೋಗುವ ರೈಲು ತೋರಿಸಿದೆ, ಸೇತುವೆಗಳು ಕಾಣುವಲ್ಲಿ ನಿಲ್ಲಿಸಿದೆ. ಕೋಟೆಯ ಬಾಗಿಲಿಗೆ ಬಂದೆವು ಟೀಚರ್, ಸುತ್ತು ಮುಗಿಯಿತು, ಎಂದೆ.

ಅವರು ಕಣ್ಣು ತೆರೆದರು. ಕೋಣೆಯನ್ನು ಒಂದು ಸಲ ನೋಡಿದರು.

"ಇಲ್ಲಿ ಅವ್ರಿಲ್ಲಲ್ಲ."

ಇಲ್ಲ ಟೀಚರ್ ಎಂದೆ.

"ಹಂಗಾರ ಇನ್ನೂ ಅಲ್ಲೇ ಮ್ಯಾಲ ನಿಂತಾರ. ಮತ್ತ ಕರಕೊಂಡು ಹೋಗು. ಹತ್ರದ ದಾರೀಲೆ ನಡಿ, ನನಗ ದಣಿವಾಗೈತಿ."

ದಂಡೆಯ ಕಡೆಯಿಂದ ಹೋದರೆ ಬಳಸು. ಈಗ ಇಳಿದು ಬಂದ ದಾರಿಯೇ ಹತ್ತಿರ. ಅದನ್ನೇ ಹಿಡಿದು ಏರತೊಡಗಿದೆ. ಮತ್ತೆ ಗಿರಣಿಯ ದರ್ವಾಜಾ, ಮತ್ತೆ ಸಂಡಾಸಿನ ಸಾಲು. ಈ ಸಲ ಅವರು ನಗಲಿಲ್ಲ, ನನ್ನ ಕೈಯನ್ನು ಮೆಲ್ಲಗೆ ಅದುಮಿದರು. ಬೇಗ ಬೇಗ ಹೇಳಿದೆ. ಅವರ ಉಸಿರು ನಿಧಾನವಾಗುತ್ತಿತ್ತು, ನನಗೋ ಯಾರೋ ಕಾಯುತ್ತಿದ್ದಾರೆ, ತಡವಾಗುತ್ತಿದೆ ಎಂಬ ಅವಸರ. ಮೇಲಿನ ದರ್ವಾಜಾ ಬರುವ ಹೊತ್ತಿಗೆ ಅವರ ಹಿಡಿತ ಸಡಿಲವಾಯಿತು. ನಾನು ನಿಲ್ಲಿಸಲಿಲ್ಲ. ಕಡೆಯ ಏರು ಹತ್ತಿಸಿ ಎತ್ತರದ ಬುರುಜಿಗೆ ತಲುಪಿಸಿದೆ.

ಆಗ ನನಗೆ ಹೊಳೆಯಿತು. ಕೋಟೆಯಿಂದ ಇಲ್ಲಿಯವರೆಗೆ ಊರು ಬಲಕ್ಕೇ ಇತ್ತು. ಶಾಸ್ತ್ರ ನಂಬದ ನನ್ನ ಮೈಯೆಲ್ಲ ಜುಮ್ಮೆಂದಿತು. ಟೀಚರ್, ಸರಿಯಾದ ಕಡೆಯಿಂದಲೇ ಬಂದಿದ್ದೀವಿ ಎಂದು ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. ಮತ್ತೆ ಹೇಳಿದೆ. ಭುಜ ಮುಟ್ಟಿ ಹೇಳಿದೆ. ಅವರು ನಿದ್ದೆಯಲ್ಲಿದ್ದರು, ಆ ನಿದ್ದೆಯಿಂದ ಏಳದೆ ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ಅವರಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.